ಎಡಗಡೆಯ ಹೆಚ್ಚಿನ ಬ್ಲೇಡು

ಬಾಬಣ್ಣಾ,

ಕಾಗದ ಬರೆಯುವ ಅಭ್ಯಾಸ ನನಗಿಲ್ಲ, ನಿನಗೇ ಗೊತ್ತು. ವೇಬ್ರಿಜ್‌ನಲ್ಲಿ ಕೂತು ಲಾರಿ ನಂಬರು, ತೂಕ, ಎರಡೇ ಬರೆದು ಕೈ ಜಡ್ಡುಗಟ್ಟಿದೆ. ಆದರೂ ಈ ಭಾನುವಾರದ ಸುದ್ದಿ ನಿನಗೆ ಹೇಳದೆ ನನಗೆ ಅನ್ನ ಇಳಿಯುತ್ತಿಲ್ಲ. ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ನಿನ್ನ ಅಂಗಡಿಯ ಶಟರು ಅವತ್ತು ಇಳಿದದ್ದು ಇಳಿದೇ ಇತ್ತು. ಹೈವೇಯ ಈ ಕಡೆ ನನ್ನ ಕುರ್ಚಿ, ಆ ಕಡೆ ನಿನ್ನ ಶಟರು. ದಿನವಿಡೀ ಅದನ್ನೇ ನೋಡಿಕೊಂಡು ಕೂರಬೇಕು. ಎಂಥಾ ಶಿಕ್ಷೆ ಹೇಳು.

ಮೊದಲ ಸಲ ನನ್ನ ಜೀವ ಬಾಯಿಗೆ ಬಂದದ್ದು ತೊಂಬತ್ನಾಲ್ಕರ ಮಳೆಯಲ್ಲಿ. ರಾಮಗಿರಿ ಹತ್ತಿರ ಬ್ಲೇಡ್ ಮುರಿದು ಕೂತಿದ್ದ ಲಾರಿಯೊಂದನ್ನು ನೋಡಲು ನಿನ್ನ ಜೀಪಿನಲ್ಲಿ ಹೋಗುತ್ತಿದ್ದೆವು. ಲಾರಿಯ ಅಡಿಯಲ್ಲಿ ಒಂದರ ಮೇಲೊಂದು ಪೇರಿಸಿದ ಆ ಬಾಗಿದ ಉಕ್ಕಿನ ಪಟ್ಟಿಗಳನ್ನು ಕಾಯಿಸಿ ಬಡಿಯುವುದರಲ್ಲಿ ನಿನ್ನಂಥವನು ದುರ್ಗದವರೆಗೂ ಇರಲಿಲ್ಲ, ಅದಕ್ಕೆ ಎಲ್ಲಿಂದೆಲ್ಲಿಂದಲೋ ಕರೆ ಬರುತ್ತಿತ್ತು. ಹೊಳಲ್ಕೆರೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಜೀಪಿನ ಹಿಂಭಾಗ ಸರಕ್ಕನೆ ಜಾರಿತು. "ಅಯ್ಯೋ ತಿಪ್ಪೇಸ್ವಾಮೀ!" ಅಂತ ಕಿರುಚಿದೆ ನಾನು. ನೀನು ನಿಧಾನಕ್ಕೆ ಸ್ಟೇರಿಂಗ್ ತಿರುಗಿಸಿ, ಜೀಪನ್ನು ಮತ್ತೆ ನೆಟ್ಟಗೆ ಮಾಡಿ ನಗಲು ಶುರು ಮಾಡಿದೆ. "ಲೇ ತಿಪ್ಪೇಶಿ, ನಿನ್ ಹೆಸ್ರು ನೀನೇ ಕೂಗ್ಕಂತೀಯಲ್ಲಲೇ! ಹಿಂದಿಂದು ಯಾವ ಕಡೆ ಹೋಗ್ತೈತೋ ಆ ಕಡೀಗೇ ಸ್ಟೇರಿಂಗ್ ಕೊಡ್ಬೇಕು. ಅದ್ರ ಜತೆ ಜಗಳ ಆಡ್ಬಾರ್ದು." ಅವತ್ತು ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ವಾಪಸು ಬಸ್ಸಿನಲ್ಲಿ ಬಂದೆ.

ಆಮೇಲೆ ಎಂಟು ವರ್ಷ ಕಳೆದು ನೀನು ದುರ್ಗದಿಂದ ಆ ಸಿಡಿ ತಂದೆಯಲ್ಲ. ಯಾವುದೋ ದೇಶದ ಹುಡುಗರು ಕಾರನ್ನು ಬೇಕೆಂತಲೇ ಅಡ್ಡಡ್ಡ ಜಾರಿಸಿಕೊಂಡು, ಟೈರಿನ ಹೊಗೆ ಎಬ್ಬಿಸಿಕೊಂಡು ತಿರುವು ದಾಟುತ್ತಿದ್ದರು. ಡ್ರಿಫ್ಟಿಂಗ್ ಅಂತೆ. ಮೂರು ಸಲ ನೋಡಿದೆ ನೀನು. ನಲವತ್ತೆಂಟು ವರ್ಷದ ಗಂಡಸು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸಿದವನು! "ಇದು ನಾವು ಮಳೇಲಿ ಮಾಡಿದ್ದೇ ಅಲ್ವೇನೋ? ಬೈಕ್ ಲೈಸೆನ್ಸಿಗೆ ಎಂಟು ಹಾಕ್ತೀವಲ್ಲ, ಹಂಗೆ ಕಾರಲ್ಲಿ ಜಾರ್ಕಂತ ಒಂದು ಎಂಟು ಹಾಕ್ಬೇಕು ಕಣಲೇ. ಒಂದೇ ಒಂದು. ನಡುವೆ ಜಾರೋದು ನಿಲ್ಲಬಾರ್ದು." ಅವತ್ತಿನಿಂದ ನಮ್ಮಿಬ್ಬರ ತಲೆಗೆ ಆ ಎಂಟು ಹತ್ತಿಕೊಂಡಿತು. ತೆಂಗಿನ ಮಂಡಿಯವರು ಮೂಲೆಗೆ ತಳ್ಳಿದ್ದ ಹಳೇ ಕಾಂಟೆಸ್ಸಾ ನನ್ನ ಮನೆಗೆ ಬಂದದ್ದೂ ಅದಕ್ಕೇ. ಇಂಜಿನ್ ಹಿಂದಿನ ಚಕ್ರವನ್ನು ತಿರುಗಿಸುವ ಕಾರೇ ಬೇಕು ಅಂತ ನೀನು ಹಟ ಹಿಡಿದಿದ್ದೆ.

ಹಿಂದಿನ ಆಕ್ಸಲಿನ ಒಳಗಿನ ಹಲ್ಲುಚಕ್ರಗಳಿಗೆ ವೆಲ್ಡಿಂಗ್ ಹೊಡೆದು ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡಿದ ದಿನ ನೆನಪಿದೆಯಾ? ಊರೊಳಗೆ ಎಲ್ಲಿ ತಿರುಗಿಸಿದರೂ ಟೈರು ಕಿರ್ರೋ ಅಂತ ಅರಚುತ್ತಿತ್ತು. ಬಸ್ ಸ್ಟ್ಯಾಂಡ್ ಮುಂದೆ ಜನ ಎಲ್ಲ ನಿಂತು ನೋಡಿದರು. ಭಾಬಿ ನಿಮ್ಮ ಮನೆ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು, "ಚೆನ್ನಾಗಿರೋ ಕಾರನ್ನ ಕುಂಟು ಮಾಡಿದ್ರಲ್ಲಪ್ಪ ಇಬ್ರೂ ಸೇರ್ಕಂಡು" ಅಂದರು. ನಾವೇನು ಕೇಳಿಸಿಕೊಂಡೆವಾ? ನಾಲ್ಕು ಪಥದ ರಸ್ತೆ ಮಾಡಿದವರು ಐಮಂಗಲದ ಕಡೆ ಬಿಟ್ಟು ಹೋಗಿದ್ದ ದೊಡ್ಡ ಟಾರು ಅಂಗಳ ಖಾಲಿ ಬಿದ್ದಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿಗೆ. ನಾನು ಓಡಿಸುವುದು, ನೀನು ಎಡಗಡೆ ಕೂತು ಡ್ಯಾಶ್‌ಬೋರ್ಡ್ ಬಡಿಯುತ್ತಾ, "ಕೊಡು, ಕೊಡು, ಈಗ ಬಿಡು, ಅರೆ ಬಿಡಲೇ!" ಅನ್ನುವುದು. ಒಂದು ಸುತ್ತು ಬರುತ್ತಿತ್ತು. ಎರಡನೇ ಸುತ್ತಿಗೆ ಹೊರಳುವ ಜಾಗದಲ್ಲಿ ಕಾರು ನೆಟ್ಟಗಾಗಿಬಿಡುತ್ತಿತ್ತು.

ಕಾರು ಎಡಕ್ಕೆ ವಾಲುತ್ತಿದೆ ಅಂತ ಕಂಡುಹಿಡಿದವನು ನೀನು. ಅದಕ್ಕೆ ಉಪಾಯ ಹೂಡಿದವನು ನಾನು. ಎಡಗಡೆಯ ಎರಡು ಚಕ್ರ ಮಾತ್ರ ವೇಬ್ರಿಜ್ ಪ್ಲೇಟಿನ ಮೇಲೆ, ಬಲಗಡೆಯವು ಹೊರಗೆ ನೆಲದ ಮೇಲೆ. ಆಮೇಲೆ ತಿರುಗಿಸಿ ಬಲಗಡೆಯವು ಪ್ಲೇಟಿನ ಮೇಲೆ. ಎಡಕ್ಕೇ ಭಾರ ಜಾಸ್ತಿ. ನೀನು ಬ್ಯಾಟರಿಯನ್ನು ಡಿಕ್ಕಿಯ ಬಲಮೂಲೆಗೆ ಸಾಗಿಸಿದೆ. ಎಡಗಡೆಯ ಹಿಂದಿನ ಬ್ಲೇಡುಗಳ ಕಟ್ಟಿಗೆ ಕೈಯಾರೆ ಬಡಿದ ಒಂದು ಬ್ಲೇಡು ಹೆಚ್ಚಿಗೆ ಸೇರಿಸಿದೆ. ಮತ್ತೆ ತೂಗಿದಾಗ ಎರಡೂ ಕಡೆ ಒಂದೇ ಅಂಕಿ, ಕಾರು ಹಲಗೆಯ ಹಾಗೆ ಸಮ. ಇಬ್ಬರೂ ಕೈ ಕುಲುಕಿಕೊಂಡೆವು. ಅಷ್ಟು ಸಲ ತೂಗಿದರೂ ನಾವಿಬ್ಬರೂ ಕಾರಿನಿಂದ ಇಳಿದಿರಲಿಲ್ಲ ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲವಲ್ಲ! ಬೇರೆಯವರಿಗಾದರೆ ಹೊಳೆಯುತ್ತಿತ್ತೇನೋ. ನನ್ನ ಪ್ಲೇಟಿನ ಮೇಲೆ ಖಾಲಿ ಲಾರಿಯಲ್ಲೂ ಡ್ರೈವರು, ಕ್ಲೀನರು ಕೂತಿರುತ್ತಾರೆ, ಲೋಡಿನಲ್ಲೂ ಕೂತಿರುತ್ತಾರೆ. ಒಂದರಿಂದ ಒಂದು ಕಳೆದರೆ ಅವರ ತೂಕ ಹೋಗಿಬಿಡುತ್ತದೆ. ಇಪ್ಪತ್ತು ವರ್ಷ ಹಾಗೇ ತೂಗಿದವನಿಗೆ ಮನುಷ್ಯರ ಭಾರ ಲೆಕ್ಕಕ್ಕೇ ಬರುವುದಿಲ್ಲ.

ತಮಿಳುನಾಡಿನ ಆ ರೇಸ್ ಟ್ರ್ಯಾಕಿಗೆ ಮೊದಲ ಸಲ ಹೋದಾಗ ನಿನ್ನ ತಲೆಗೆ ಹೆಲ್ಮೆಟ್ಟೇ ಹಿಡಿಸಲಿಲ್ಲ. ಟ್ರ್ಯಾಕ್ ಡೇ ಅಂದರೆ ಯಾರು ಬೇಕಾದರೂ ಸ್ವಂತ ಕಾರು ತಂದು ಓಡಿಸಬಹುದು ಅಂತ ಗೊತ್ತಾಗಿ, ಭಾಬಿ ಕಟ್ಟಿಕೊಟ್ಟ ಚಪಾತಿ ಗಂಟು ಹಿಡಿದು ಹೋಗಿದ್ದೆವು. ಅಲ್ಲಿ ಎಲ್ಲ ಹೊಸಾ ಕಾರು, ಕನ್ನಡಕದ ಹುಡುಗರು. ನಡುವೆ ನಮ್ಮ ಕಾಂಟೆಸ್ಸಾ, ಪಕ್ಕದಲ್ಲಿ ಲುಂಗಿ ಬಿಟ್ಟು ಪ್ಯಾಂಟು ಹಾಕಿದ್ದಕ್ಕೇ ಮುಜುಗರಪಡುತ್ತಿದ್ದ ನೀನು. ಕೊನೆಗೆ ಯಾರದೋ ದೊಡ್ಡ ಹೆಲ್ಮೆಟ್ ಸಿಕ್ಕಿ ಎಡಗಡೆ ಕೂತೆ. ಇಂಜಿನ್ ಎರಡು ಸಲ ಕುದಿಯಿತು, ನೀನು ಕ್ಯಾನ್ ಹಿಡಿದು ಓಡಿದೆ. ಎಂಟರಲ್ಲಿ ಮುಕ್ಕಾಲು ಪಾಲು ಬಂತು, ಬಾಬಣ್ಣ. ಮುಕ್ಕಾಲು! ವಾಪಸು ಬರುವಾಗ ದಾರಿಯುದ್ದಕ್ಕೂ, "ಮುಂದಿನ ಸಲ ಹಾಕ್ತೀವಿ ನೋಡಲೇ, ಹಾಕದೇ ಬರಾಂಗಿಲ್ಲ" ಅನ್ನುತ್ತಿದ್ದೆ.

ಮುಂದಿನ ಸಲಕ್ಕೆ ಹೆಸರು ಕೊಟ್ಟಿದ್ದೆವು, ಇನ್ನೂ ಮೂರು ವಾರ ಇತ್ತು. ಬೆಳಗ್ಗೆ ಹತ್ತೂವರೆ. ನಾನು ಈರುಳ್ಳಿ ಲಾರಿ ತೂಗುತ್ತಿದ್ದೆ. ನಿನ್ನ ಅಂಗಡಿ ಮುಂದೆ ಜನ ಸೇರಿದ್ದು ಕಂಡಿತು. ನೀನು ಯಾರೋ ಡ್ರೈವರ್ ಜತೆ ಮತ್ತೆ ಜಗಳ ತೆಗೆದಿದ್ದೀಯ ಅಂದುಕೊಂಡು ಚೀಟಿ ಬರೆಯುತ್ತಾ ಕೂತೆ. ನಾನು ರಸ್ತೆ ದಾಟಿದ್ದರೆ... ದಾಟಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು, ನಿಂತ ಜಾಗದಲ್ಲೇ ಎದೆ ನಿಂತಿತ್ತಂತೆ. ಆದರೂ ನಾನು ಚೀಟಿ ಬರೆಯುತ್ತಿದ್ದೆನಲ್ಲ ಬಾಬಣ್ಣ, ಅದು ನನ್ನನ್ನು ತಿನ್ನುತ್ತದೆ. ಸಂಜೆ ನಿನಗೆ ಹೆಗಲು ಕೊಟ್ಟೆ. ಅಷ್ಟೊಂದು ಜನ ಹೆಗಲು ಕೊಟ್ಟಿದ್ದರು, ನಿನ್ನ ಭಾರವೇ ಗೊತ್ತಾಗಲಿಲ್ಲ. ಮೂರು ಹಿಡಿ ಮಣ್ಣು ಹಾಕಿ ಮನೆಗೆ ಬಂದು ಕೈ ತೊಳೆಯದೆ ಕೂತಿದ್ದೆ.

ನೀನು ಹೋಗಿ ಆರು ತಿಂಗಳಾದ ಮೇಲೆ ಟ್ರ್ಯಾಕಿಗೆ ಹೋದದ್ದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ಒಬ್ಬನೇ ಹೋದೆ. ದಾರಿಯಲ್ಲಿ ಮಾತಾಡಲು ಯಾರೂ ಇರಲಿಲ್ಲ, ಎಲ್ಲಿ ಟೀ ಕುಡಿಯಬೇಕು ಅಂತ ನಿರ್ಧರಿಸಲೂ ಆಗದೆ ಹಾಗೇ ಓಡಿಸಿದೆ. ಅಲ್ಲಿ ಕಾರು ನನ್ನ ಮಾತೇ ಕೇಳಲಿಲ್ಲ. ಎಡಕ್ಕೆ ತಿರುಗಿಸಿದರೆ ಹಿಂಭಾಗ ಜಾರುವುದೇ ಇಲ್ಲ, ಮೂತಿ ಮುಂದಕ್ಕೆ ನೂಕಿಕೊಂಡು ಹೋಗುತ್ತದೆ. ಬಲಕ್ಕೆ ತಿರುಗಿಸಿದರೆ ಮುಟ್ಟಿದ ಕೂಡಲೇ ಗಿರಕಿ. ಟೈರಿನ ಗಾಳಿ ಇಳಿಸಿದೆ, ಏರಿಸಿದೆ, ಮತ್ತೆ ಇಳಿಸಿದೆ. ಐದನೇ ಗಿರಕಿಗೆ ಕಾರು ಹೋಗಿ ಟೈರು ರಾಶಿಗೆ ಗುದ್ದಿತು. ಬಾವುಟ ಹಿಡಿದು ನಿಂತಿದ್ದ ಹುಡುಗ ಬಂದು, "ಸಾರ್, ಹೋದ್ಸಲ ನಿಮ್ ಜತೆ ಇನ್ನೊಬ್ರು ಇದ್ರಲ್ಲ, ಅವರು ಬಂದಿಲ್ವಾ?" ಅಂತ ಕೇಳಿದ. "ಬಂದಿಲ್ಲ" ಅಂದೆ.

ವಾಪಸು ಬಂದ ಮಾರನೇ ದಿನ ಕಾರನ್ನು ಪ್ಲೇಟಿಗೆ ಹತ್ತಿಸಿದೆ, ಒಬ್ಬನೇ. ಹಳೇ ಚೀಟಿಯ ಪಕ್ಕ ಹೊಸ ಚೀಟಿ ಇಟ್ಟು ನೋಡಿದೆ. ಒಟ್ಟು ನೂರು ಕಿಲೋ ಕಡಿಮೆ. ಏನು ಕಳಚಿ ಬಿತ್ತಪ್ಪ ಅಂತ ಕಾರಿನ ಸುತ್ತ ಎರಡು ಸಲ ಓಡಾಡಿ, ಕೆಳಗೆ ಬಗ್ಗಿಯೂ ನೋಡಿದೆ. ಆಮೇಲೆ ಹೊಳೆಯಿತು. ಪ್ಲೇಟಿನ ಮೇಲೇ ಕುಕ್ಕರಿಸಿ ಅತ್ತೆ ಬಾಬಣ್ಣ, ಹಿಂದೆ ತೆಂಗಿನಕಾಯಿ ಲಾರಿಯವನು ಹಾರನ್ ಹೊಡೆಯುತ್ತಿದ್ದ. ಡಾಕ್ಟರ ಹತ್ತಿರ ತೊಂಬತ್ತು ಅಂತ ಸುಳ್ಳು ಹೇಳುತ್ತಿದ್ದೆಯಲ್ಲ ಕಳ್ಳ! ನಾವು ಆ ಕಾರನ್ನು ಸಮ ಮಾಡಿದ್ದು ನೀನು ಎಡಗಡೆ ಕೂತಿದ್ದರೆ ಮಾತ್ರ ಸಮ ಇರುವ ಹಾಗೆ.

ಒಂದು ಮಾತು ಹೇಳುತ್ತೇನೆ, ನಗಬೇಡ. ಎರಡು ಮೂಟೆ ಮರಳು ತುಂಬಿ ಎಡಗಡೆ ಸೀಟಿಗೆ ಬೆಲ್ಟು ಬಿಗಿದೆ. ಅಂಗಳದಲ್ಲಿ ಕಾರು ಮೊದಲಿನ ಹಾಗೇ ಜಾರಿತು. ಖುಷಿಯಲ್ಲಿ, "ನೋಡಿದ್ಯಾ ಬಾಬಣ್ಣ?" ಅಂದುಬಿಟ್ಟೆ. ಮರಳಿಗೆ! ಕಾರು ನಿಲ್ಲಿಸಿದೆ. ಮೂಟೆಗಳನ್ನು ಅಲ್ಲೇ ಸುರಿದು ಮನೆಗೆ ಬಂದೆ. ಆಮೇಲೆ ಏಳು ತಿಂಗಳು ಕಾರಿಗೆ ಕೈ ಹಚ್ಚಲಿಲ್ಲ. ಬಿಚ್ಚಬೇಕಾದದ್ದು ಏನು ಅಂತ ನನಗೆ ಗೊತ್ತಿತ್ತು. ನೀನು ಬಡಿದ ಬ್ಲೇಡನ್ನು ಹೇಗೆ ಬಿಚ್ಚಲಿ? ಬಿಚ್ಚದೆ ಇದ್ದರೆ ಎಂಟು ಯಾವತ್ತೂ ಆಗುವುದಿಲ್ಲ. ಬಿಚ್ಚಿದರೆ ನೀನು ಕಾರಿನಿಂದ ಇಳಿದ ಹಾಗೇ ಅಲ್ಲವಾ...

ಹೋದ ವಾರ ಭಾಬಿಯೇ ರಸ್ತೆ ದಾಟಿ ಬಂದರು. "ಏನಪ್ಪ ತಿಪ್ಪೇಶಿ, ಕಾರು ಬಿಸಿಲಲ್ಲಿ ಒಣಗ್ತಾ ಐತೆ, ಯಾಕೆ ಮುಟ್ಟಲ್ಲ?" ಅಂದರು. ಎಲ್ಲ ಹೇಳಿದೆ. ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ, "ಬಿಚ್ಚು. ಅವ್ರಿಲ್ಲ ಅಂತ ನಾನೇ ದಿನಾ ಒಬ್ಳೇ ಉಣ್ತೀನಿ. ನಿನ್ ಕಾರಿಗೇನಪ್ಪ ಅಷ್ಟು ಹಟ?" ಅಂದವರೇ ಹೋಗಿ ಶಟರು ಎತ್ತಿದರು. ಒಳಗೆ ಅದೇ ಗ್ರೀಸ್ ವಾಸನೆ. ಬೋಲ್ಟು ಬಿಚ್ಚುವ ಯಾವ ಪಾನ ಎಲ್ಲಿ ನೇತಾಡುತ್ತದೆ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಕಾರಿನ ಕೆಳಗೆ ನಾನು, ಟಾರ್ಚ್ ಹಿಡಿದು ಅವರು. ಬೋಲ್ಟುಗಳು ಹಟ ಮಾಡಿದವು, ನೀನು ಬಿಗಿ ಮಾಡಿದ್ದಲ್ಲವಾ. ಬ್ಲೇಡು ಕೈಗೆ ಬಂದಾಗ ಭಾಬಿ ಒರೆಸಿ ಒಳಗೆ ತೆಗೆದುಕೊಂಡು ಹೋದರು. ಬ್ಯಾಟರಿಯನ್ನು ಮುಂದಕ್ಕೆ ತಂದೆ. ಈ ಸಲ ಒಬ್ಬನೇ ಕೂತು ತೂಗಿದೆ.

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಒಂದು ನಾಯಿಯೂ ಇರಲಿಲ್ಲ. ಎಡಕ್ಕೆ ಕೊಟ್ಟೆ, ಹಿಂಭಾಗ ಜಾರಿತು. ಸುತ್ತು ಮುಗಿಯಿತು. ಹೊರಳುವ ಜಾಗ ಬಂತು. ಯಾರೂ ಡ್ಯಾಶ್‌ಬೋರ್ಡ್ ಬಡಿಯಲಿಲ್ಲ, ಕೊಡು ಬಿಡು ಅನ್ನಲಿಲ್ಲ. ಕಾಲು ತಾನೇ ಬಿಟ್ಟಿತು, ಕೈ ತಾನೇ ಕೊಟ್ಟಿತು, ಕಾರು ಜಾರುತ್ತಲೇ ಬಲಕ್ಕೆ ಹೊರಳಿ ಎರಡನೇ ಸುತ್ತನ್ನೂ ಮುಗಿಸಿತು. ಇಡೀ ಎಂಟು! ನಿಲ್ಲಿಸಬೇಕಿತ್ತು, ಆಗಲಿಲ್ಲ. ನಿಲ್ಲಿಸಿದರೆ ಯಾರಿಗಾದರೂ ಹೇಳಬೇಕಲ್ಲ. ಯಾರಿಗೆ ಹೇಳಲಿ? ಅದಕ್ಕೆ ಇನ್ನೊಂದು ಹಾಕಿದೆ, ಮತ್ತೊಂದು ಹಾಕಿದೆ, ಪೆಟ್ರೋಲು ತೀರಿ ಕಾರು ತಾನೇ ನಿಲ್ಲುವವರೆಗೂ ಹಾಕುತ್ತಲೇ ಇದ್ದೆ. ಆಮೇಲೆ ಬಿಸಿಲಲ್ಲಿ ಹೈವೇವರೆಗೂ ನಡೆದೆ, ಎದುರಿಗೆ ಸಿಕ್ಕ ಯಾರಿಗೂ ಹೇಳಲಿಲ್ಲ. ಮೊದಲು ನಿನಗೆ ಹೇಳಬೇಕಿತ್ತು.

ಎಂಟು ಬಂತು, ಬಾಬಣ್ಣ.

ನಿನ್ನ
ತಿಪ್ಪೇಶಿ