ಬಾನೆಟ್ಟಿನಾಚೆ ಅಪ್ಪ

ಮಾರ್ಚ್ 4, ಸೋಮವಾರ. ಬೆಳಿಗ್ಗೆ 11

ಇವತ್ತು ಗಂಟುಗಳು ಹದಿನಾಲ್ಕು. ಲಾಡ್ಜಿಗೆ ಒಂಬತ್ತು, ನರ್ಸಿಂಗ್ ಹೋಮಿಗೆ ಐದು. ಹೊಸ ಪಿಕಪ್ ಗಾಡಿಗೆ ಏರಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಹಳೆಯದರಲ್ಲಿ ಗಂಟನ್ನು ಅಂಚಿಗೆ ಇಟ್ಟು ಮಂಡಿಯಿಂದ ಒಂದು ಸಲ ತಳ್ಳಿದರೆ ಮುಗಿಯಿತು. ಇದರ ಅಂಚು ನನ್ನ ಎದೆಮಟ್ಟಕ್ಕಿದೆ. ಒಗೆದು ಮಡಿಸಿದ ಶೀಟುಗಳನ್ನು ಎತ್ತಿ ಎಸೆಯಬೇಕು. ಸೀಟಿಗೂ ಅಷ್ಟೆ, ಕಂಬಿ ಹಿಡಿದು ಹತ್ತಬೇಕು. ಅದಕ್ಕೇ ಇದಕ್ಕೆ ಅಟ್ಟ ಎಂದು ಹೆಸರಿಟ್ಟಿದ್ದೇನೆ. ಹಳೆಯದು ಮುದುಕಿ.

ತಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಲಾಂಡ್ರಿಗೆ ಈಗ ಒಂದು ಗತ್ತು ಬಂತಂತೆ. ನನ್ನನ್ನು ಒಂದು ಮಾತು ಕೇಳದೆ ಮುದುಕಿಯನ್ನು ಹೂಕುಂಡದ ವ್ಯಾಪಾರಿಗೆ ಕೊಟ್ಟುಬಿಟ್ಟ. ಆರ್ಡರ್ ಹಿಡಿಯುವವನು ಅವನು, ಗಾಡಿ ಓಡಿಸುವವಳು ನಾನು. ಆದರೂ...

ಅಪ್ಪ ಎಂದಿನಂತೆ ಲಾಂಡ್ರಿಯ ಬಾಗಿಲ ಪಕ್ಕದ ಮೊಳೆಯಿಂದ ನೀಲಿ ಬಟ್ಟೆ ತೆಗೆದುಕೊಂಡು ಮುಂದೆ ಹೋದರು. ಗಾಡಿ ಹೊರಡುವ ಮುಂಚೆ ಪ್ರತಿ ಸಲವೂ ಎರಡು ಲೈಟು, ಕೆಳಗಿನ ನಂಬರ್ ಪ್ಲೇಟು ಒರೆಸಬೇಕು. ಯಾಕೆ ಎಂದರೆ, "ಮುಖ ತೊಳೀದೆ ಯಾರಾದ್ರೂ ಮನೆ ಬಿಟ್ಟು ಹೊರಡ್ತಾರೇನೇ?" ಒರೆಸಿ ಬಾನೆಟ್ ಮೇಲೆ ಎರಡು ಸಲ ತಟ್ಟುತ್ತಾರೆ. ಹೊರಡು ಎಂದರ್ಥ. ಬಟ್ಟೆ ಮತ್ತೆ ಮೊಳೆಗೆ. ಮೂವತ್ತು ವರ್ಷ ಒಗೆಯುವ ಮೆಷಿನ್ನಿನ ಪಕ್ಕ ನಿಂತು ಅಪ್ಪನ ಕಿವಿ ಪೂರ್ತಿ ಹೋಯಿತು. ಈ ಅಭ್ಯಾಸ ಮಾತ್ರ ಹೋಗಿಲ್ಲ.

ಇವತ್ತು ಸೀಟಿನಲ್ಲಿ ಕೂತು ನೋಡುತ್ತಿದ್ದೆ. ಅಪ್ಪ ಮುಂದೆ ಹೋದರು, ಬಗ್ಗಿದರು — ಇಲ್ಲ. ಬಾನೆಟ್ ನುಂಗಿಬಿಟ್ಟಿತು. ಆಮೇಲೆ ತಟ್ಟಿದ ಸದ್ದು ಮಾತ್ರ ಬಂತು.

ಮಾರ್ಚ್ 6, ಬುಧವಾರ

ತಮ್ಮನಿಗೆ ಹೇಳಿದೆ. ಮುಂದೆ ಏನೂ ಕಾಣುವುದಿಲ್ಲ, ಭಯವಾಗುತ್ತದೆ ಎಂದೆ. ಹಿಂದೆ ಕ್ಯಾಮೆರಾ ಇದೆಯಲ್ಲ ಎಂದ. ನಾನು ಹೇಳುತ್ತಿರುವುದು ಮುಂದಿನದು ಮಾರಾಯ ಎಂದೆ. "ಹೊಸ ಚಪ್ಪಲಿ ಎರಡು ದಿನ ಕಚ್ಚುತ್ತೆ ಅಕ್ಕ. ಆಮೇಲೆ ನೀನೇ ಬಿಡಲ್ಲ ನೋಡು."

ಅಪ್ಪನಿಗೂ ಇದು ಹಿಡಿಸಿಲ್ಲ, ಅವರ ಕಾರಣ ಬೇರೆ. ಮುದುಕಿಯ ಬಾನೆಟ್ ಮೇಲೆ ಅಂಗೈ ಇಟ್ಟರೆ ಎಂಜಿನ್ ಓಡುತ್ತಿದೆ ಎಂದು ಗೊತ್ತಾಗುತ್ತಿತ್ತು, ಅಷ್ಟು ನಡುಗುತ್ತಿತ್ತು. ಇದು ನಡುಗುವುದೇ ಇಲ್ಲ. "ಸತ್ತಿದೆಯೋ ಬದುಕಿದೆಯೋ ತಿಳಿಯಲ್ಲ ಕಣೇ" ಎಂದರು, ಬೀದಿಗೆಲ್ಲ ಕೇಳುವಂತೆ. ನಕ್ಕೆ. ಆಮೇಲೆ ಯೋಚಿಸಿದರೆ ನಗುವ ಮಾತಲ್ಲ. ಕಿವಿಯಿಂದಲೂ ಇಲ್ಲ, ಈಗ ಕೈಯಿಂದಲೂ ಇಲ್ಲ.

ಮಾರ್ಚ್ 9, ಶನಿವಾರ. ಮಧ್ಯಾಹ್ನ

ಲಾಡ್ಜಿನ ಹಿತ್ತಲಿನಲ್ಲಿ ಗಾಡಿ ಮುಂದೆ ತೆಗೆದೆ. ಏನೋ ಚಟ್ ಎಂದಿತು. ನೀರಿನ ಬಾಟಲಿ ಇರಬೇಕು ಅಂದುಕೊಂಡೆ. ಮ್ಯಾನೇಜರ್ ಕೈ ಬೀಸುತ್ತಾ ಓಡಿ ಬಂದ. ಇಳಿದು ನೋಡಿದರೆ ನಮ್ಮದೇ ಬಟ್ಟೆ ಬುಟ್ಟಿ — ದೊಡ್ಡದು, ಒಂದು ಮಗು ಕೂರುವಷ್ಟು. ರೊಟ್ಟಿಯ ಹಾಗೆ ಚಪ್ಪಟೆ. ಚಕ್ರಕ್ಕೆ ಒಂದಿಷ್ಟೂ ಗೊತ್ತಾಗಲಿಲ್ಲ.

"ಬುಟ್ಟಿ ತಾನೇ ಮೇಡಂ, ಹೋದ್ರೆ ಹೋಯ್ತು ಬಿಡಿ" ಎಂದ ಮ್ಯಾನೇಜರ್. ಹೂಂ, ಬುಟ್ಟಿ ತಾನೇ.

ಮಾರ್ಚ್ 10, ಭಾನುವಾರ

ಅಂಗಡಿ ರಜೆ. ತಮ್ಮ ತನ್ನ ಹೆಂಡತಿಯ ಮನೆಗೆ ಹೋಗಿದ್ದ. ಅಳೆದೇಬಿಟ್ಟೆ.

ಗಾಡಿಯ ಮೂತಿಗೆ ತಾಗಿಸಿ ಒಂದು ಬುಟ್ಟಿ ಇಟ್ಟು ಸೀಟು ಹತ್ತಿದೆ. ಕಾಣಲಿಲ್ಲ. ಇಳಿದೆ, ಒಂದು ಹೆಜ್ಜೆ ದೂರ ಸರಿಸಿದೆ, ಹತ್ತಿದೆ. ಹೀಗೆ ಹತ್ತಿ ಇಳಿದು ಹತ್ತಿ ಇಳಿದು... ಆರನೇ ಹೆಜ್ಜೆಗೆ ಬುಟ್ಟಿಯ ಬಾಯಿ ಕಂಡಿತು. ಅಪ್ಪ ಇದೇನೋ ಆಟ ಎಂದುಕೊಂಡು ತಾವೇ ಬಂದು ಬುಟ್ಟಿಯ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತರು, ನಂಬರ್ ಪ್ಲೇಟ್ ಒರೆಸುವ ಹಾಗೆ. ಕೂತಲ್ಲಿಂದಲೇ ಹಿಂದೆ ಸರಿಯುತ್ತಾ ಹೋದರು. ಮೂರು ಹೆಜ್ಜೆ ದೂರ ಹೋದಮೇಲೆ ಅವರ ಬೋಳು ತಲೆ ಕಂಡಿತು, ಆಮೇಲೆ ನಗು.

ಮುದುಕಿಯಲ್ಲಿ ಇಷ್ಟು ಲೆಕ್ಕ ಬೇಕಿರಲಿಲ್ಲ. ನಾನೂ ಅಪ್ಪನೂ ಮುಖ ನೋಡಿಕೊಂಡೇ ಇರುತ್ತಿದ್ದೆವು. ರಸ್ತೆಯಲ್ಲೂ ಹಾಗೇ. ನಡೆಯುವವರ ಮುಖ ನನ್ನ ಮುಖದ ಮಟ್ಟಕ್ಕೇ ಇರುತ್ತಿತ್ತು. ಈಗ ಎಲ್ಲರ ನೆತ್ತಿ ಕಾಣುತ್ತದೆ, ಅದೂ ದೂರ ಇದ್ದವರದು.

ಬಟ್ಟೆ ಚೀಟಿಯ ಹಿಂದೆ ಬರೆದು ತೋರಿಸಿದೆ — "ನಾನು ಸೀಟಿನಲ್ಲಿದ್ದಾಗ ಮುಂದೆ ಕೂರಬೇಡಿ." ಅಪ್ಪ ತಲೆಯಾಡಿಸಿದರು. ಅಪ್ಪ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಅದೇ ನನಗೆ ಹೆದರಿಕೆ.

ಮಾರ್ಚ್ 18, ಸೋಮವಾರ

ಈಗ ಸೀಟು ಹತ್ತುವ ಮುಂಚೆ ಗಾಡಿಗೆ ಒಂದು ಸುತ್ತು ಬರುತ್ತೇನೆ. ಇವತ್ತು ಸುತ್ತು ಬಂದೆ, ಯಾರೂ ಇಲ್ಲ. ಆದರೆ ಮೊಳೆಯಲ್ಲಿ ಬಟ್ಟೆಯೂ ಇಲ್ಲ. ಅಪ್ಪ ಎಲ್ಲಿ? ಇನ್ನೊಂದು ಸುತ್ತು ಬಂದೆ. ಇಲ್ಲ. ಬಗ್ಗಿ ಗಾಡಿಯ ಅಡಿ ನೋಡಿದರೆ ಆ ಬದಿಯಲ್ಲಿ ಎರಡು ಕಾಲು. ಅಪ್ಪನೂ ನನ್ನನ್ನು ಹುಡುಕಿಕೊಂಡು ಸುತ್ತು ಬರುತ್ತಿದ್ದರು, ಅದೇ ದಿಕ್ಕಿನಲ್ಲಿ. ನಾನು ಮುಂದೆ, ಅವರು ಹಿಂದೆ. ಮಧ್ಯೆ ಅಟ್ಟ. ಇಡೀ ದಿನ ಸುತ್ತಿದ್ದರೂ ಸಿಗುತ್ತಿರಲಿಲ್ಲ.

ಅಪ್ಪ ಕೆಮ್ಮು ಬರುವ ತನಕ ನಕ್ಕರು. ತಮ್ಮನೂ ನಕ್ಕ, "ನಿಂದು ಅತಿ ಆಯ್ತು ಅಕ್ಕ" ಎಂದ. ನನಗೆ ನಗು ಬರಲಿಲ್ಲ. ಮುದುಕಿಯಾಗಿದ್ದರೆ ಅದರ ಮೇಲಿಂದಲೇ ಒಬ್ಬರಿಗೊಬ್ಬರು ಕಾಣುತ್ತಿದ್ದೆವು.

ಮಾರ್ಚ್ 26, ಮಂಗಳವಾರ

ಆಗಬಾರದ್ದು ಆಯಿತು.

ಮಾರ್ಚ್ 30, ಶನಿವಾರ. ಸಂಜೆ

ನಾಲ್ಕು ದಿನದಿಂದ ಪೆನ್ನು ಹಿಡಿಯಲು ಆಗಿರಲಿಲ್ಲ. ಬೇರೆ ಯಾರಿಗೂ ಹೇಳಿಲ್ಲ. ಇಲ್ಲಿಯಾದರೂ ಬರೆಯಬೇಕು.

ಅವತ್ತೂ ಸುತ್ತು ಬಂದೆ. ಬಿಟ್ಟಿಲ್ಲ, ಸುಳ್ಳು ಹೇಳುತ್ತಿಲ್ಲ. ಹಿಂದೆ ನೋಡಿದೆ, ಎಡಗಡೆ ನೋಡಿದೆ, ಮುಂದೆ ನೋಡಿದೆ. ಯಾರೂ ಇರಲಿಲ್ಲ. ಹತ್ತಿ ಕೂತೆ. ಅಪ್ಪ ಅಷ್ಟರಲ್ಲಿ ಒಳಗಿಂದ ಬಂದು ನನ್ನ ಹಿಂದೆಯೇ ಸುತ್ತು ಬಂದಿದ್ದಾರೆ. ಎತ್ತರದ ಸೀಟಿನಲ್ಲಿದ್ದ ನಾನು ಕೆಳಗಿನಿಂದ ಕಾಣದ್ದಕ್ಕೆ, ಇನ್ನೊಂದು ಗಂಟು ತರಲು ಒಳಗೆ ಹೋಗಿದ್ದಾಳೆ ಅಂದುಕೊಂಡರಂತೆ. ಸರಿ, ಇವಳು ಬರುವಷ್ಟರಲ್ಲಿ ಒರೆಸಿಬಿಡೋಣ ಎಂದು ನಂಬರ್ ಪ್ಲೇಟಿನ ಮುಂದೆ ಕೂತರು. ಎಂಜಿನ್ ಓಡುತ್ತಿತ್ತು. ಅವರಿಗೆ ಗೊತ್ತಾಗಲಿಲ್ಲ.

ಗಾಡಿ ಬಿಟ್ಟೆ. ನಿಧಾನವಾಗಿಯೇ. ಆಗ ದಪ್ ದಪ್ ಎಂದು ಎರಡು ಸಲ ತಟ್ಟಿದ ಸದ್ದು ಬಂತು. ಆ ಸದ್ದು ಕೇಳಿ ನನಗೆ ಸಮಾಧಾನವಾಯಿತು. ಇದನ್ನು ಹೇಗೆ ಬರೆಯಲಿ? ಅಪ್ಪ ಒರೆಸಿ ಆಯಿತು, ಹೊರಡು ಎನ್ನುತ್ತಿದ್ದಾರೆ ಅಂದುಕೊಂಡೆ. ಇನ್ನಷ್ಟು ಒತ್ತಿದೆ.

ಮೂರನೆಯದು ಕೇಳಿತು. ಅಪ್ಪ ಯಾವತ್ತೂ ಮೂರು ಸಲ ತಟ್ಟುವವರಲ್ಲ.

ಬ್ರೇಕ್ ಮೇಲೆ ನಿಂತುಬಿಟ್ಟೆ. ಇಳಿದೆನೋ ಬಿದ್ದೆನೋ ನೆನಪಿಲ್ಲ. ಅಪ್ಪ ಮಗ್ಗುಲಾಗಿ ಬಿದ್ದಿದ್ದರು. ಚಕ್ರಕ್ಕೂ ಅವರ ಕಾಲಿಗೂ ಒಂದು ಗೇಣು. ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು. ನನ್ನ ಮುಖ ನೋಡಿ, ಆ ಸ್ಥಿತಿಯಲ್ಲೂ, "ಏನಿಲ್ಲ, ಏನಿಲ್ಲ" ಎಂದರು. ನನ್ನನ್ನು ಸಮಾಧಾನ ಮಾಡುತ್ತಿದ್ದರು!

ಆಸ್ಪತ್ರೆಗೆ ತಮ್ಮ ಓಡಿ ಬಂದ. ಹೇಗಾಯಿತು ಎಂದ. ನಾನು ಬಾಯಿ ತೆರೆಯುವ ಮುಂಚೆಯೇ ಅಪ್ಪ ಹೇಳಿದರು, ಇಡೀ ವಾರ್ಡಿಗೆ ಕೇಳುವಂತೆ: "ಸೋಪಿನ ನೀರಲ್ಲಿ ಜಾರಿದೆ ಕಣೋ. ಇವಳೇ ಎತ್ತಿದ್ದು." ಹೇಳಿ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ನಾನೂ ಅಪ್ಪನ ಮಗಳೇ.

ಏಪ್ರಿಲ್ 2, ಮಂಗಳವಾರ

ಒಗೆಯುವ ಕೋಣೆಗೆಲ್ಲ ತಮ್ಮ ರಬ್ಬರ್ ಹಾಸು ತಂದು ಹಾಸಿದ. ಕೆಲಸದವರನ್ನು ಸೋಪಿನ ನೀರು ಚೆಲ್ಲಿದ್ದಕ್ಕೆ ಬೈದ. ನಾನು ಇಸ್ತ್ರಿ ಹಾಕುತ್ತಾ ನಿಂತಿದ್ದೆ. ಒಂದು ದಿಂಬಿನ ಚೀಲ ಸುಟ್ಟಿತು.

ನಾನು ಗಾಡಿ ಮುಟ್ಟುತ್ತಿಲ್ಲ. ಮಂಡಿನೋವು ಎಂದಿದ್ದೇನೆ. ಗಂಟುಗಳನ್ನು ತಮ್ಮನೇ ಒಯ್ಯುತ್ತಾನೆ. ಸುತ್ತು ಬರುವ ಅಭ್ಯಾಸ ಅವನಿಗಿಲ್ಲ. ಫೋನು ಕಿವಿಗೆ, ಕೀ ತಿರುವಿದ, ಹೋದ.

ಏಪ್ರಿಲ್ 3, ಬುಧವಾರ

ಹೂಕುಂಡದವರ ಹತ್ತಿರ ಹೋಗಿದ್ದೆ. ಮುದುಕಿ ಅಲ್ಲೇ ನೆರಳಲ್ಲಿ ನಿಂತಿತ್ತು, ಮೈಯೆಲ್ಲ ಕೆಮ್ಮಣ್ಣು. ಕೇಳಿ ಸೀಟಿನಲ್ಲಿ ಕೂತೆ. ಮುಂದೆ ನೆಲದಲ್ಲಿಟ್ಟ ಕುಂಡಗಳೆಲ್ಲ ಕಂಡವು, ಒಂದೊಂದೂ. ಅಳು ಬಂತು. ಆ ಮನುಷ್ಯ ಕಂಡೂ ಕಾಣದವರಂತೆ ಆಚೆ ಹೋದರು.

ದೊಡ್ಡ ಗಾಡಿಯಾದರೆ ಅವರಿಗೂ ಅನುಕೂಲವಂತೆ, ಅದಲುಬದಲು ಮಾಡಿಕೊಳ್ಳಲು ಸಿದ್ಧ. ತಮ್ಮ ಒಪ್ಪಬೇಕು, ಅಷ್ಟೆ.

ಏಪ್ರಿಲ್ 4, ಗುರುವಾರ

ಕೇಳಿದೆ. "ಯಾಕೆ?" ಎಂದ. ಎತ್ತರ ಎಂದೆ. ಹತ್ತಲು ಕಷ್ಟ, ಮಂಡಿ ಎಂದೆ. ಮೆಟ್ಟಿಲು ಹಾಕಿಸಿಕೊಡುತ್ತೇನೆ ಎಂದ. ಒಳ್ಳೆಯವನೇ. ನಿಜವಾದ ಕಾರಣ ಇನ್ನೇನು ಹೇಳಿಬಿಡುವುದರಲ್ಲಿದ್ದೆ. ಅಪ್ಪನನ್ನು ಗುದ್ದಿದವಳು ನಾನು. ಆ ಒಂದು ಮಾತು ಹೇಳಿದರೆ ಗಾಡಿ ಸಾಯಂಕಾಲದೊಳಗೆ ಹೋಗುತ್ತದೆ. ಜೊತೆಗೆ ಅವನು ನನ್ನನ್ನು ನೋಡುವ ರೀತಿಯೂ ಹೋಗುತ್ತದೆ.

ಅಪ್ಪನಿಗೆ ಚೀಟಿ ಬರೆದೆ — "ನಾನು ನಿಜ ಹೇಳಿಬಿಡುತ್ತೇನೆ." ಓದಿ, ಎಡಗೈಯಿಂದಲೇ ಮುದುರಿ ಜೇಬಿಗೆ ಹಾಕಿಕೊಂಡರು. "ಸುಮ್ನಿರು. ಅವನಿಗೆ ಅದು ಗೊತ್ತಾಗೋದು ಬೇಡ." ಇನ್ನೊಂದು ಬರೆದೆ — "ಕೈ ಸರಿಹೋಗುವ ತನಕ ಗಾಡಿ ಒರೆಸಬೇಡಿ. ಆಣೆ." ತಲೆಯಾಡಿಸಿದರು.

ಏಪ್ರಿಲ್ 6, ಶನಿವಾರ. ಬೆಳಿಗ್ಗೆ 8.40

ಇವತ್ತು ಹೇಳುತ್ತೇನೆ. ಅಪ್ಪ ಬೇಡ ಎಂದರೂ ಸರಿ.

ಇಸ್ತ್ರಿ ಮೇಜಿನ ಮೇಲೆಯೇ ಬರೆಯುತ್ತಿದ್ದೇನೆ. ಹೇಗೆ ಶುರು ಮಾಡುವುದು ಎಂದು ಮೊದಲು ಇಲ್ಲಿ ಬರೆದು ನೋಡುತ್ತೇನೆ. "ನೋಡೋ, ಅಪ್ಪ ಜಾರಿ ಬೀಳಲಿಲ್ಲ." ಇಷ್ಟು ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಬೈದರೆ ಬೈಯಲಿ. ಮಾತು ಬಿಟ್ಟರೆ ಬಿಡಲಿ. ಇನ್ನೊಂದು ದಿನ ಆ ಮೂರನೆಯ ಸದ್ದು ಹೊಟ್ಟೆಯಲ್ಲಿಟ್ಟುಕೊಂಡು ಬದುಕಲಾರೆ.

ತಮ್ಮ ಬಂದ. ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದಾನೆ. ಮಾತು ಮುಗಿಯಲಿ ಎಂದು ಕಾಯುತ್ತಿದ್ದೇನೆ. ನರ್ಸಿಂಗ್ ಹೋಮಿನ ಐದು ಗಂಟು ಆಗಲೇ ಏರಿಸಿದ. ಹೋಗಿ ಬರಲಿ, ಅರ್ಧ ಗಂಟೆ ತಾನೇ, ಬಂದ ಕೂಡಲೇ ಹೇಳುತ್ತೇನೆ. ಹೇಡಿ ನಾನು. ಇರಲಿ, ಅರ್ಧ ಗಂಟೆ.

ಬಾಗಿಲು ಹಾಕಿದ ಸದ್ದು. ಎಂಜಿನ್ ಶುರುವಾಯಿತು, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು. ಅಪ್ಪ ಒಳಕೋಣೆಯಲ್ಲಿ ಮಲಗಿದ್ದಾರೆ. ಮಾತ್ರೆ ಕೊಟ್ಟು ಬಂದದ್ದು ನಾನೇ, ಹತ್ತು ನಿಮಿಷದ ಹಿಂದೆ. ಮಂಚ ಇಲ್ಲಿಂದ ಕಾಣುವುದಿಲ್ಲ. ಬಾಗಿಲ ಪಕ್ಕದ ಮೊಳೆ ಕಾಣುತ್ತದೆ.

ಮೊಳೆಯಲ್ಲಿ ಬಟ್ಟೆ ಇಲ್ಲ