ಚೀಲದ ಬಾಯಿ ಹಿಡಿಯುವವನು

ಮಾರಾಯ ವರ್ಲನ್,

ಟೆಕ್ಸಸ್ ತೀರಕ್ಕೆ ನಾಳೆ ಚಂಡಮಾರುತ ಬರುತ್ತದಂತೆ. ಇವತ್ತು ನಮ್ಮ ಸ್ಟೇಟ್ ಗಾರ್ಡ್ ಸ್ವಯಂಸೇವಕರೆಲ್ಲ ಸೇರಿ ನೀರು ನುಗ್ಗದಂತೆ ಶಾಲೆಯ ಬಾಗಿಲಿಗೆ ಅಡ್ಡ ಇಡಲು ಮರಳಿನ ಚೀಲ ತುಂಬಿದೆವು. ಹನ್ನೊಂದು ವರ್ಷ ನೀನು ಚೀಲದ ಬಾಯಿ ಹಿಡಿದೆ, ನಾನು ಸಲಿಕೆ ಹಿಡಿದೆ. ಇವತ್ತು ಕ್ಯಾಪ್ಟನ್ ಟ್ರೆಸ್ಲರ್ ಮೇಡಂ ರಸ್ತೆಗೆ ಅಡ್ಡ ಇಡುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನಿನ ತುದಿ ಕತ್ತರಿಸಿ, ತಲೆಕೆಳಗು ಮಾಡಿ ಆಲಿಕೆಯ ಹಾಗೆ ಚೀಲದ ಬಾಯಿಗೆ ಸಿಕ್ಕಿಸಿದರು.

"ತಗೋ ಓಡೆಲ್, ನಿನ್ನ ಹೊಸ ಜೋಡಿ."

"ಪರವಾಗಿಲ್ಲ ಮೇಡಂ, ವರ್ಲನ್‌ಗಿಂತ ಇದು ಕಮ್ಮಿ ಮಾತಾಡುತ್ತೆ," ಅಂದೆ. ಎಲ್ಲರೂ ನಕ್ಕರು.

ಹೋದ ವರ್ಷವೂ ಹೀಗೇ ನಗಿಸಿದ್ದೆ. ನಿನ್ನ ಕೈ ನಡುಗಿ ಮರಳು ಚೆಲ್ಲಿದಾಗ, "ಬೆಳಿಗ್ಗೇನೇ ಏರಿಸ್ಕೊಂಡು ಬಂದ್ಯೇನೋ?" ಅಂದಿದ್ದೆ. ಮರುದಿನದಿಂದ ನೀನು ಬರಲಿಲ್ಲ. ಅದು ಕಾಯಿಲೆಯೆಂದು ಗೊತ್ತಾಗಿದ್ದು ನಿನ್ನ ಮಣ್ಣಿಗೆ ಬಂದ ದಿನ.

ಇವತ್ತು ಒಬ್ಬನೇ ಇನ್ನೂರು ಚೀಲ ತುಂಬಿದೆ. ಕೋನು ಒಂದು ಸಲವೂ ನಡುಗಲಿಲ್ಲ ಕಣೋ.