ಹುಳುಮನೆಯ ಕಿಟಕಿ

೧೮-೭-೨೦೦೬, ಮಂಗಳವಾರ. ಹೊಂಗನೂರು

ಇವತ್ತು ರೇಷ್ಮೆ ಹುಳುಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟುಬಿಟ್ಟೆ. ಒಳಗೆ ವಿಪರೀತ ಸೆಕೆ ಎಂದುಕೊಂಡೆ. ಬೇಯುತ್ತಿದ್ದದ್ದು ನನ್ನ ಮೈ. ಹೊರಗೆ ಜಡಿಮಳೆ, ಥಂಡಿಗಾಳಿ. ಅತ್ತೆ ಬಂದು ಬೈದರು: "ನಿಂಗೇನ್ ಬಂದದಮ್ಮಿ? ಹುಳ ಎಲ್ಲಾ ಮುದುರ್ಕಂಡವೆ!"

ಈ ಬೇಗೆಗೆ ಚನ್ನಪಟ್ಟಣದ ಡಾಕ್ಟರಮ್ಮ ಎರಡು ಬಗೆಯ ಹಾರ್ಮೋನ್ ಮಾತ್ರೆ ಹೇಳಿದ್ದಾರೆ. ಒಂದರಲ್ಲಿ ತಿಂಗಳು ತಿಂಗಳು ಮತ್ತೆ ಮುಟ್ಟು. ಇನ್ನೊಂದರಲ್ಲಿ ಮುಟ್ಟಿಲ್ಲ, ಆದರೆ ಮೊದಮೊದಲು ಯಾವಾಗ ಬೇಕಾದರೂ ರಕ್ತದ ಕಲೆ ಕಾಣಬಹುದಂತೆ. "ಯಾವುದಾದರೂ ಆರಿಸಿಕೊಳ್ಳಿ" ಎಂದರು. ಮುಟ್ಟಾದವಳು ಹುಳುಮನೆಯ ಹೊಸಿಲು ದಾಟುವಂತಿಲ್ಲ ಎಂದು ಅವರಿಗೇನು ಗೊತ್ತು? ನನಗೆ ಮುಟ್ಟು ನಿಂತ ಮೇಲೆಯೇ ಅತ್ತೆ ಬೀಗದ ಕೈ ಕೊಟ್ಟದ್ದು. "ಇನ್ಮ್ಯಾಕೆ ನಿಂದೇ ಕಣಮ್ಮಿ" ಎಂದಿದ್ದರು.

ಮಾತ್ರೆ ಬೇಡವೆಂದರೆ ನಾಳೆಯೂ ಕಿಟಕಿ ತೆರೆಯುತ್ತೇನೆ. ಮೊದಲನೆಯದನ್ನು ನುಂಗಿ ಹೊರಗಾದರೆ ಹುಳುಗಳಿಗೆ ಸೊಪ್ಪು ಹಾಕುವವರಿಲ್ಲ. ಅತ್ತೆಗೆ ಈಗ ಕೈಲಾಗುವುದಿಲ್ಲ, ಮಗಳು ಬಿಡದಿಯ ಫ್ಯಾಕ್ಟರಿಗೆ ಹೋಗುತ್ತಾಳೆ. ಎರಡನೆಯದನ್ನು ನುಂಗಿ, ಕಲೆ ಕಂಡರೂ ಬಾಯಿ ಮುಚ್ಚಿಕೊಂಡಿರಲೇ?

ಮತ್ತೆ ಬೆವರು. ನಿದ್ದೆಯಿಲ್ಲ. ಒಂದೇ ಮಾತು ಕೊರೆಯುತ್ತಿದೆ. ಅತ್ತೆ ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಬೇರೆ ಹೆಂಗಸೇ ಇರಲಿಲ್ಲವಂತೆ, ಮಾವನಿಗೆ ಹುಳು ಕಂಡರೆ ಅಸಹ್ಯವಂತೆ. ಹಾಗಾದರೆ ಅತ್ತೆ ಹೊರಗಾದ ದಿನಗಳಲ್ಲಿ ಸೊಪ್ಪು ಹಾಕುತ್ತಿದ್ದವರು ಯಾರು?